ಎತ್ತಿನ ಗಾಡಿ ಏರಿದ ರಾಜಧಾನಿ

ಊರಿನಿಂದ ಅಪ್ಪ-ಅಮ್ಮ ಬಂದರೆ ಹ್ಯೂಸ್ಟನ್ ಸುತ್ತಮುತ್ತಲಿನ ಕನ್ನಡಿಗರು ತೋರಿಸುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಮೊದಲ ವಾರಾಂತ್ಯ ಪೇರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನ, ಎರಡನೆಯದಕ್ಕೆ ನಾಸಾ, ಮೂರನೆಯದಕ್ಕೆ ಗ್ಯಾಲ್ವೆಸ್ಟನ್ ಕಡಲತೀರ. ನಾಲ್ಕನೇ ವಾರದಿಂದ ಕಾಸ್ಟ್ಕೊ. ನಾವೂ ಹಾಗೆಯೇ ಮಾಡಿದೆವು. ಐದನೇ ವಾರ ಅಪ್ಪ ಬಾಯಿಬಿಟ್ಟರು: "ಅಲ್ಲ ಕಣೋ, ಇಷ್ಟು ದೊಡ್ಡ ಊರು, ನೋಡೋಕೆ ಒಂದು ಹಳೇ ಕೋಟೆನೂ ಇಲ್ವಾ?"

ಅಪ್ಪ ಶ್ರೀರಂಗಪಟ್ಟಣದ ಗಂಜಾಂನವರು. ಬೆಳಗಿನ ವಾಕಿಂಗ್‌ಗೆ ಕೋಟೆಗೋಡೆಯ ಪಕ್ಕ ಹೋಗಿ ಅಭ್ಯಾಸವಾದವರಿಗೆ, ಒಂದೇ ಎತ್ತರಕ್ಕೆ ಹುಲ್ಲು ಕತ್ತರಿಸಿದ ನಮ್ಮ ಮಿಸೌರಿ ಸಿಟಿಯ ಬಡಾವಣೆ ಬೇಸರ ತಂದಿದ್ದರೆ ಆಶ್ಚರ್ಯವಿಲ್ಲ. (ಮಿಸೌರಿ ಸಿಟಿ ಎಂದರೆ ಮಿಸೌರಿ ರಾಜ್ಯದಲ್ಲಿದೆ ಎಂದುಕೊಳ್ಳಬೇಡಿ. ಇದು ಟೆಕ್ಸಾಸ್‌ನ ಹ್ಯೂಸ್ಟನ್ ಮಗ್ಗುಲಲ್ಲೇ ಇದೆ.) ಅವರು ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ಪಹಣಿ, ಖಾತೆ, ಹದ್ದುಬಸ್ತು ಎಂದರೆ ಈಗಲೂ ಕಿವಿ ನಿಮಿರುತ್ತದೆ. ನಾವು ಬಿ.ಕಾಂ. ಮುಗಿಸಿ ಸಿ.ಎ. ಮಾಡಿ ಇಲ್ಲಿ ಕಂಪನಿಗಳ ಲೆಕ್ಕ ನೋಡುತ್ತಿದ್ದರೂ, ಅವರ ದೃಷ್ಟಿಯಲ್ಲಿ ಅದು ನಿಜವಾದ ಲೆಕ್ಕವಲ್ಲ. ಜಮೀನು ಅಳೆಯದ ಲೆಕ್ಕ ಎಂಥ ಲೆಕ್ಕ?

ಈ ಸಲ ಬರುವಾಗ ಅವರ ಸೂಟ್‌ಕೇಸ್‌ನಲ್ಲಿ ಚಟ್ನಿಪುಡಿ, ಹುರಿಗಾಳಿನ ನಡುವೆ ಕೆಂಪು ಬಟ್ಟೆಯ ಒಂದು ಗಂಟು ಇತ್ತು. ತಾಲ್ಲೂಕು ಕಚೇರಿಯ ದಫ್ತರ ಕಟ್ಟುವ ಹಾಗೆಯೇ ಕಟ್ಟಿದ್ದರು. ಒಳಗೆ ಗಂಜಾಂ ಮನೆಯ ಕ್ರಯಪತ್ರ, ತಾತನ ಕಾಲದ ವಿಭಾಗಪತ್ರ, ಒಂದೂಕಾಲು ಎಕರೆ ಗದ್ದೆಯ ಕಾಗದಗಳು. ಎಲ್ಲವೂ ಅಸಲು. "ನನಗೂ ಎಪ್ಪತ್ತೆಂಟು ಆಯ್ತು. ಇನ್ನು ಇದು ನಿನ್ನ ಹತ್ರ ಇರ್ಲಿ" ಎಂದರು. ಅಮ್ಮ ಅಡುಗೆಮನೆಯಿಂದಲೇ, "ಅದನ್ನ ವಾಪಸ್ ಸೂಟ್‌ಕೇಸ್‌ಗೆ ಹಾಕಿ" ಎಂದರು. ಕಾರಣ ಹೇಳಲಿಲ್ಲ. ಗಂಟು ದೇವರ ಮನೆಯ ಕೆಳಗಿನ ಖಾನೆ ಸೇರಿತು. ಮಾತು ಅಲ್ಲಿಗೇ ನಿಂತಿತು.

ಕೋಟೆಯ ಪ್ರಶ್ನೆಗೆ ಉತ್ತರ ಕೊಟ್ಟವಳು ಮಗಳು. ಇಲ್ಲಿ ಏಳನೇ ತರಗತಿಯಲ್ಲಿ ಟೆಕ್ಸಾಸ್ ಇತಿಹಾಸವೇ ಒಂದು ಪಾಠ. "ತಾತ, ನಾವಿರೋ ಕೌಂಟಿ ಹೆಸರೇ ಫೋರ್ಟ್ ಬೆಂಡ್! ಕೋಟೆ ಇತ್ತು" ಎಂದಳು. ಇತ್ತು ನಿಜ. 1822ರಲ್ಲಿ ಬ್ರಾಜೋಸ್ ನದಿ ತಿರುಗುವ ಕಡೆ ವಲಸೆಗಾರರು ಮರದ ದಿಮ್ಮಿಗಳಿಂದ ಕಟ್ಟಿದ ಒಂದು ಸಣ್ಣ ಕಾವಲುಮನೆ. ಅದರ ಚಿತ್ರ ತೋರಿಸಿದಾಗ ಅಪ್ಪ ಜೋರಾಗಿ ನಕ್ಕರು. "ನಮ್ಮ ಕಡೆ ಇದರಲ್ಲಿ ಎಮ್ಮೆ ಕಟ್ತೀವಿ."

ಆದರೆ ಆ ತಿರುವಿನಲ್ಲಿ, ನಮ್ಮ ಮನೆಯಿಂದ ಅರ್ಧ ಗಂಟೆಯೊಳಗಿನ ದೂರದಲ್ಲಿ, ಒಂದು ದೇಶದ ರಾಜಧಾನಿಯನ್ನು ಹಿಡಿಯಲು ಹೊರಟ ಸೈನ್ಯ ನದಿ ದಾಟಿತ್ತು. ಹದಿನೈದು ವರ್ಷದಿಂದ ಇಲ್ಲೇ ಇದ್ದೂ ನಮಗೆ ಅದು ಗೊತ್ತಿರಲಿಲ್ಲ. ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ.

ಕಿಟಕಿಯಿಲ್ಲದ ಮನೆಯಲ್ಲಿ ಹುಟ್ಟಿದ ದೇಶ

ಟೆಕ್ಸಾಸ್ ಹತ್ತಿರಹತ್ತಿರ ಹತ್ತು ವರ್ಷ ಸ್ವತಂತ್ರ ದೇಶವಾಗಿತ್ತು. 1836ರಿಂದ 1845ರ ಕೊನೆಯವರೆಗೆ ತನ್ನದೇ ಅಧ್ಯಕ್ಷ, ನೌಕಾಪಡೆ, ನೋಟು, ಲಂಡನ್‌ನಲ್ಲಿ ರಾಯಭಾರಿ. ಅದಕ್ಕೂ ಮೊದಲು ಮೆಕ್ಸಿಕೊದ ಭಾಗ. ದೇಶ ಹುಟ್ಟಿದ್ದು ವಾಷಿಂಗ್ಟನ್ ಆನ್ ದಿ ಬ್ರಾಜೋಸ್ ಎಂಬ ಹಳ್ಳಿಯಲ್ಲಿ. ನಮ್ಮಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ. ವಾಷಿಂಗ್ಟನ್ ಎಂದ ಕೂಡಲೇ ಅಪ್ಪ ಶ್ವೇತಭವನ ನೋಡುವ ಹುಮ್ಮಸ್ಸಿನಲ್ಲಿ ಸ್ವೆಟರ್ ಹಾಕಿಕೊಂಡು ಕಾರು ಹತ್ತಿದ್ದರು. ಇಳಿದಾಗ ಕಂಡದ್ದು ಹುಲ್ಲುಗಾವಲು, ಪೆಕಾನ್ ಮರಗಳು, ಮತ್ತೆ ಕಟ್ಟಿದ ಒಂದು ಹಲಗೆಮನೆ.

1836ರ ಮಾರ್ಚ್ 1ರಂದು ಪ್ರತಿನಿಧಿಗಳು ಇಲ್ಲಿ ಸೇರಿದಾಗ ಆ ಮನೆಯ ಕೆಲಸವೇ ಮುಗಿದಿರಲಿಲ್ಲ. ಕಿಟಕಿಗಳಿಗೆ ಗಾಜಿರಲಿಲ್ಲ, ಬಟ್ಟೆ ಕಟ್ಟಿದ್ದರು. ಉತ್ತರದಿಂದ ಕೊರೆಯುವ ಗಾಳಿ. ಮರುದಿನವೇ ಸ್ವಾತಂತ್ರ್ಯ ಘೋಷಣೆ ಮಾಡಿದರು. ಆ ಹೊತ್ತಿಗೆ ಸ್ಯಾನ್ ಆಂಟೋನಿಯೊದ ಆಲಮೊ ಕೋಟೆಯನ್ನು ಮೆಕ್ಸಿಕೊದ ಅಧ್ಯಕ್ಷ, ಜನರಲ್ ಸಾಂತಾ ಅನ್ನಾ ಮುತ್ತಿದ್ದ. ಮಾರ್ಚ್ 6ರಂದು ಅದು ಬಿತ್ತು. ಒಳಗಿದ್ದ ಹೋರಾಟಗಾರರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸತ್ತರು. ಸುದ್ದಿ ಹಳ್ಳಿ ತಲುಪಿದ್ದು ಒಂಬತ್ತು ದಿನದ ಮೇಲೆ. ಅವಸರ ಅವಸರವಾಗಿ ಸಂವಿಧಾನ ಮುಗಿಸಿ, ಡೇವಿಡ್ ಬರ್ನೆಟ್ ಎಂಬುವರನ್ನು ಹಂಗಾಮಿ ಅಧ್ಯಕ್ಷರನ್ನಾಗಿ, ಲೊರೆಂಜೊ ಡಿ ಝವಾಲಾ ಎಂಬ ಮೆಕ್ಸಿಕನ್ ಮುತ್ಸದ್ದಿಯನ್ನು ಉಪಾಧ್ಯಕ್ಷರನ್ನಾಗಿ ಆರಿಸಿ, ಎಲ್ಲರೂ ಊರು ಬಿಟ್ಟರು. ರಾಜಧಾನಿಯ ಆಯಸ್ಸು ಮೂರು ವಾರವೂ ಇಲ್ಲ.

ಈ ಸ್ವಾತಂತ್ರ್ಯ ಯಾರದು ಎಂಬುದನ್ನೂ ಹೇಳಬೇಕು. ಮೆಕ್ಸಿಕೊ 1829ರಲ್ಲೇ ಗುಲಾಮಗಿರಿಯನ್ನು ರದ್ದು ಮಾಡಿತ್ತು. ಹತ್ತಿ ಬೆಳೆಯಲು ಗುಲಾಮರನ್ನು ಕರೆತಂದಿದ್ದ ವಲಸೆಗಾರರಿಗೆ ಅದು ಹಿಡಿಸಿರಲಿಲ್ಲ. ಆ ಹಲಗೆಮನೆಯಲ್ಲಿ ಬರೆದ ಸಂವಿಧಾನ ಗುಲಾಮಗಿರಿಯನ್ನು ಭದ್ರ ಮಾಡಿತು. ಸ್ವತಂತ್ರ ಕಪ್ಪು ಮನುಷ್ಯ ಸಂಸತ್ತಿನ ಅನುಮತಿಯಿಲ್ಲದೆ ದೇಶದಲ್ಲಿ ವಾಸಿಸುವಂತೆಯೇ ಇರಲಿಲ್ಲ. ಮಗಳ ಪಾಠಪುಸ್ತಕದಲ್ಲಿ ಇದು ಎರಡು ಸಾಲು. ಅಪ್ಪ ಅದನ್ನು ಕೇಳಿ, "ಹಾಗಾದ್ರೆ ಆ ಜನ ಯಾರು ಗೆಲ್ಲಲಿ ಅಂತ ಬೇಡ್ಕೊಂಡಿರ್ತಾರೆ?" ಎಂದು ಕೇಳಿದರು. ನಾವು ಉತ್ತರ ಕೊಡಲಿಲ್ಲ. ಮೆಕ್ಸಿಕೊ ಸೈನ್ಯದ ಕಡೆಗೆ ಓಡಿಹೋದ ಗುಲಾಮರೂ ಇದ್ದರು.

ಹೊಸ ಸರ್ಕಾರ ಎಂದರೆ ಒಬ್ಬ ಹಂಗಾಮಿ ಅಧ್ಯಕ್ಷ, ಕೆಲವು ಮಂತ್ರಿಗಳು, ಒಂದಿಷ್ಟು ಕಾಗದ. ಖಜಾನೆ ಖಾಲಿ. ಅವರು ಹೊರಟದ್ದು ಹ್ಯಾರಿಸ್‌ಬರ್ಗ್‌ಗೆ. ಇಂದು ಅದು ಹ್ಯೂಸ್ಟನ್ ನಗರದೊಳಗೇ ಕರಗಿಹೋಗಿದೆ. ಹಿಂದೆಯೇ ಜನ ಹೊರಟರು. ಸೇನಾಪತಿ ಸ್ಯಾಮ್ ಹ್ಯೂಸ್ಟನ್ ಹಿಂದೆ ಸರಿಯುತ್ತಾ, ಸರಿಯುತ್ತಾ ಪೂರ್ವಕ್ಕೆ ಬರುತ್ತಿದ್ದ. ಬಿಟ್ಟ ಊರುಗಳಿಗೆ ಟೆಕ್ಸಾಸ್‌ನವರೇ ಬೆಂಕಿ ಹಚ್ಚಿದರು. ಮಳೆ, ಕೆಸರು, ದಡಾರ. ದಾರಿಯಲ್ಲೇ ಮಕ್ಕಳನ್ನು ಹೂಳಿ ಮುಂದೆ ನಡೆದ ತಾಯಂದಿರ ಕಥೆಗಳು ಇಂದಿಗೂ ಇಲ್ಲಿನ ಹಳೆಯ ಕುಟುಂಬಗಳಲ್ಲಿವೆ.

ರಾಜಧಾನಿಯ ಬೆನ್ನು ಹತ್ತಿದವನು

ಸಾಂತಾ ಅನ್ನಾಗೆ ಒಂದು ಯೋಚನೆ ಬಂತು. ಸೈನ್ಯವನ್ನು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಸರ್ಕಾರವನ್ನೇ ಹಿಡಿದರೆ? ಅಧ್ಯಕ್ಷ ಸಿಕ್ಕಿದರೆ ಯುದ್ಧ ಮುಗಿದಂತೆ. ತನ್ನ ದೊಡ್ಡ ಸೈನ್ಯವನ್ನು ಹಿಂದೆ ಬಿಟ್ಟು, ಸುಮಾರು 700 ಜನರೊಂದಿಗೆ ಅವನು ಹ್ಯಾರಿಸ್‌ಬರ್ಗ್ ಕಡೆ ನುಗ್ಗಿದ. ಬ್ರಾಜೋಸ್ ದಾಟಿದ್ದು ಇಂದಿನ ರಿಚ್‌ಮಂಡ್ ಬಳಿಯ ಥಾಂಪ್ಸನ್ ಫೆರಿಯಲ್ಲಿ, ಏಪ್ರಿಲ್ ನಡುವಿನಲ್ಲಿ. ದೋಣಿ ಆಚೆ ದಡದಲ್ಲಿತ್ತಂತೆ. ಅಮೆರಿಕದಲ್ಲಿ ಓದಿದ್ದ ಕರ್ನಲ್ ಆಲ್ಮಾಂಟೆ ಇಂಗ್ಲಿಷಿನಲ್ಲಿ ಕೂಗಿ ಕರೆದ. ನಮ್ಮವರೇ ಯಾರೋ ಎಂದು ನಂಬಿ ದೋಣಿಯವನು ಈಚೆ ತಂದ ಎಂಬ ಕಥೆಯಿದೆ.

ರಿಚ್‌ಮಂಡ್‌ಗೆ ನಾವು ಹೋದದ್ದು ಒಂದು ಭಾನುವಾರ ಸಂಜೆ. ನದಿ ಕೆಂಪಗೆ, ಮಂದವಾಗಿ ಹರಿಯುತ್ತಿತ್ತು. ಬೇಸಿಗೆಯ ಕಾವೇರಿಯ ಹಾಗೆ ಅಮಾಯಕವಾಗಿ. ಆದರೆ ನಮ್ಮ ಮನೆಯವರಿಗೆ ಈ ನದಿಯ ಇನ್ನೊಂದು ಮುಖ ಗೊತ್ತು. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಇದೇ ರಿಚ್‌ಮಂಡ್‌ನಲ್ಲಿ ಬ್ರಾಜೋಸ್ 55 ಅಡಿ ಏರಿ ದಾಖಲೆ ಮಾಡಿತು. ಮಿಸೌರಿ ಸಿಟಿಯ ಹಲವು ಬಡಾವಣೆಗಳಿಗೆ ಕಡ್ಡಾಯವಾಗಿ ಮನೆ ಬಿಡಬೇಕೆಂಬ ಆದೇಶ ಬಂತು. ನಮಗೆ ಸಿಕ್ಕಿದ್ದು ಎರಡು ಗಂಟೆ. ಟಿ.ವಿ. ಬಿಟ್ಟೆವು, ಸೋಫಾ ಬಿಟ್ಟೆವು, ಮದುವೆಯ ಆಲ್ಬಂ ಮೇಲಿನ ಅಟ್ಟಕ್ಕೆ ಹಾಕಿದೆವು. ತೆಗೆದುಕೊಂಡದ್ದು ಮಗು, ಅಕ್ಕಿ, ಔಷಧ, ಮತ್ತು ಒಂದು ನೀಲಿ ಫೈಲು. ಪಾಸ್‌ಪೋರ್ಟ್, ವೀಸಾ ಮಂಜೂರಾತಿ ಪತ್ರ, ಸಿ.ಎ. ಸರ್ಟಿಫಿಕೇಟ್, ಅಂಕಪಟ್ಟಿ, ಮಗಳ ಜನನ ಪತ್ರ. ಇದು ತೊಯ್ದರೆ ಈ ದೇಶದಲ್ಲಿ ನಾವು ಯಾರು ಎಂದು ಹೇಳಲು ಬೇರೇನೂ ಇರಲಿಲ್ಲ. ಕಾರು ಸ್ಟಾರ್ಟ್ ಮಾಡುವಾಗ ಗಂಜಾಂನಿಂದ ಫೋನು. ಅಪ್ಪ "ಹುಷಾರಾಗಿದೀರಾ" ಎಂದು ಕೇಳುವ ಮೊದಲೇ ಕೇಳಿದ್ದು, "ಕಾಗದಪತ್ರ ತಗೊಂಡ್ರಾ?"

ಮನೆಗೆ ನೀರು ಬರಲಿಲ್ಲ. ಪುಣ್ಯ. ಆದರೆ ಹಂಗಾಮಿ ಅಧ್ಯಕ್ಷ ಬರ್ನೆಟ್ ಹೆಂಡತಿ ಮಕ್ಕಳೊಂದಿಗೆ ಊರೂರು ಅಲೆದದ್ದನ್ನು ಓದುವಾಗ ಆ ನೀಲಿ ಫೈಲು ನೆನಪಾಗದೆ ಇರಲಿಲ್ಲ.

ಸಾಂತಾ ಅನ್ನಾ ಏಪ್ರಿಲ್ 15ರ ರಾತ್ರಿ ಹ್ಯಾರಿಸ್‌ಬರ್ಗ್ ತಲುಪಿದ. ಊರು ಖಾಲಿ. ಒಂದು ಪತ್ರಿಕೆಯ ಅಚ್ಚುಕೂಟದಲ್ಲಿ ಮಾತ್ರ ದೀಪವಿತ್ತು. 'ಟೆಲಿಗ್ರಾಫ್ ಅಂಡ್ ಟೆಕ್ಸಾಸ್ ರಿಜಿಸ್ಟರ್' ಪತ್ರಿಕೆಯ ಮೂವರು ಮುದ್ರಕರು ಇನ್ನೂ ಕೆಲಸ ಮಾಡುತ್ತಿದ್ದರು. ಸರ್ಕಾರ ಆಗಲೇ ಹೊರಟುಹೋಗಿದೆ ಎಂದು ಅವರು ಹೇಳಿದರು. ಅವನು ಅಚ್ಚಿನ ಯಂತ್ರವನ್ನು ಕಾಲುವೆಗೆ ಎಸೆಸಿ, ಊರು ಸುಡಿಸಿದ. ಆ ಪತ್ರಿಕೆಯ ಒಡೆಯ ಗೇಲ್ ಬೋರ್ಡನ್ ಮುಂದೆ ಕಂಡೆನ್ಸ್ಡ್ ಮಿಲ್ಕ್ ಕಂಡುಹಿಡಿದ. ಹೌದು, ಹಬ್ಬಕ್ಕೆ ನಮ್ಮ ಹೆಂಗಸರು ಪಾಯಸಕ್ಕೆ ಸುರಿಯುವ ಅದೇ ಡಬ್ಬಿಯ ಹಾಲು. ಇದನ್ನು ಕೇಳಿ ಇಡೀ ತಿರುಗಾಟದಲ್ಲಿ ಮೊದಲ ಬಾರಿಗೆ ಅಮ್ಮನಿಗೆ ಟೆಕ್ಸಾಸ್ ಇತಿಹಾಸದಲ್ಲಿ ಆಸಕ್ತಿ ಹುಟ್ಟಿತು.

ಸರ್ಕಾರ ಅಷ್ಟರಲ್ಲಿ ಕಡಲಿನ ಕಡೆ, ನ್ಯೂ ವಾಷಿಂಗ್ಟನ್ ಎಂಬಲ್ಲಿಗೆ ಓಡಿತ್ತು. ಆಲ್ಮಾಂಟೆಯ ಕುದುರೆ ಸವಾರರು ದಡ ತಲುಪಿದಾಗ ಬರ್ನೆಟ್ ಕುಟುಂಬ ಹುಟ್ಟುದೋಣಿಯಲ್ಲಿ ಇನ್ನೂ ಗುಂಡಿನ ಅಳತೆಯಲ್ಲೇ ಇತ್ತು. ದೋಣಿಯಲ್ಲಿ ಹೆಂಗಸು ಕಂಡದ್ದರಿಂದ ಗುಂಡು ಹಾರಿಸಬೇಡಿ ಎಂದು ಆಲ್ಮಾಂಟೆ ತಡೆದನಂತೆ. ಹಾಗೆ ರಾಜಧಾನಿ ಗ್ಯಾಲ್ವೆಸ್ಟನ್ ದ್ವೀಪ ಸೇರಿತು. ನಾವು ಮೂರನೇ ವಾರಾಂತ್ಯ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಿ ಕಡಲೆಕಾಯಿ ತಿಂದು ಬಂದ ಅದೇ ದ್ವೀಪ.

ಇಲ್ಲಿ ರಾಜಧಾನಿ ಯುದ್ಧದಲ್ಲಿ ಮಾಡಿದ ಕೆಲಸ ವಿಚಿತ್ರ. ಅದಕ್ಕೆ ಗೋಡೆಯಿಲ್ಲ, ತೋಪಿಲ್ಲ. ಅದು ಬರೀ ಓಡಿತು. ಓಡುತ್ತಾ ಓಡುತ್ತಾ ಶತ್ರುವನ್ನು ಅವನ ದೊಡ್ಡ ಸೈನ್ಯದಿಂದ ದೂರಕ್ಕೆ, ಜೌಗು ನೆಲಕ್ಕೆ ಎಳೆದು ತಂದಿತು. ಏಪ್ರಿಲ್ 18ರಂದು ಡೆಫ್ ಸ್ಮಿತ್ ಎಂಬ ಗೂಢಚಾರ ಮೆಕ್ಸಿಕನ್ ಅಂಚೆಯವನೊಬ್ಬನನ್ನು ಹಿಡಿದ. ಅವನ ಚೀಲದ ಕಾಗದಗಳಿಂದ ಸಾಂತಾ ಅನ್ನಾ ಸಣ್ಣ ಪಡೆಯೊಂದಿಗೆ ಎಲ್ಲಿದ್ದಾನೆ ಎಂಬುದು ಸ್ಯಾಮ್ ಹ್ಯೂಸ್ಟನ್‌ಗೆ ತಿಳಿಯಿತು. ಈ ಡೆಫ್ ಸ್ಮಿತ್ ಮರುವರ್ಷ ತೀರಿಕೊಂಡದ್ದೂ ರಿಚ್‌ಮಂಡ್‌ನಲ್ಲೇ.

ಏಪ್ರಿಲ್ 21ರ ಮಧ್ಯಾಹ್ನ, ಸ್ಯಾನ್ ಜಸಿಂಟೊ ಬಯಲು. ಮೆಕ್ಸಿಕೊ ಪಡೆ ಊಟ ಮಾಡಿ ಮಲಗಿದ್ದ ಹೊತ್ತು. ಟೆಕ್ಸಾಸ್‌ನ ಸುಮಾರು 900 ಜನ ಎದೆಯೆತ್ತರದ ಹುಲ್ಲಿನಲ್ಲಿ ಬಂದು ಬಿದ್ದರು. ಕಾದಾಟ ಮುಗಿದದ್ದು 18 ನಿಮಿಷದಲ್ಲಿ. ಕೊಲ್ಲುವುದು ಅದಾದ ಮೇಲೂ ನಡೆಯಿತು. ಮೆಕ್ಸಿಕೊದವರು 600ಕ್ಕೂ ಹೆಚ್ಚು ಮಂದಿ ಸತ್ತರು, ಟೆಕ್ಸಾಸ್ ಕಡೆ ಒಂಬತ್ತು. ಮರುದಿನ ಸಾಮಾನ್ಯ ಸಿಪಾಯಿಯ ಬಟ್ಟೆ ಹಾಕಿಕೊಂಡಿದ್ದ ಸಾಂತಾ ಅನ್ನಾ ಸಿಕ್ಕಿಬಿದ್ದ. ಅಧ್ಯಕ್ಷನನ್ನು ಹಿಡಿಯಲು ಬಂದ ಅಧ್ಯಕ್ಷ ತಾನೇ ಕೈದಿಯಾದ. ಈಗ ಅಲ್ಲಿ 567 ಅಡಿಯ ಸ್ತಂಭವಿದೆ. ರಾಷ್ಟ್ರ ರಾಜಧಾನಿಯ ವಾಷಿಂಗ್ಟನ್ ಸ್ಮಾರಕಕ್ಕಿಂತ ಎತ್ತರ. ಲಿಫ್ಟ್‌ನಲ್ಲಿ ಮೇಲೆ ಹೋದರೆ ಸುತ್ತಲೂ ಕಾಣುವುದು ತೈಲ ಸಂಸ್ಕರಣಾ ಘಟಕಗಳ ಚಿಮಣಿ.

ಜಮೀನೇ ಆಸ್ತಿ, ಕಾಗದವೇ ಜಮೀನು

ಗೆದ್ದ ದೇಶಕ್ಕೂ ನೆಲೆ ಸಿಗಲಿಲ್ಲ. ವೆಲಾಸ್ಕೊದಲ್ಲಿ ಸಂಧಿಪತ್ರ. ಕೊಲಂಬಿಯಾದಲ್ಲಿ ಮೊದಲ ಚುನಾಯಿತ ಸಂಸತ್ತು. 1837ರಲ್ಲಿ ಹೊಚ್ಚ ಹೊಸ ಹ್ಯೂಸ್ಟನ್ ನಗರ. ಆ ವರ್ಷ ಬಂದ ಪಕ್ಷಿಚಿತ್ರಕಾರ ಆಡುಬಾನ್ ನೋಡಿದ ಸಂಸತ್ ಭವನಕ್ಕೆ ಸೂರೇ ಇರಲಿಲ್ಲ, ಬೆಂಚುಗಳೆಲ್ಲ ಮಳೆಗೆ ತೊಯ್ದಿದ್ದವು. ಆ ಜಾಗದಲ್ಲಿ ಈಗ ರೈಸ್ ಎಂಬ ಹಳೆಯ ಹೋಟೆಲಿನ ಕಟ್ಟಡವಿದೆ. ಡೌನ್‌ಟೌನ್ ಆಫೀಸಿಗೆ ಹೋಗುವ ನಮ್ಮವರು ದಿನವೂ ಅದರ ಮುಂದೆ ಹಾದುಹೋಗುತ್ತಾರೆ.

ಎರಡನೇ ಅಧ್ಯಕ್ಷ ಲಮಾರ್‌ಗೆ ಜೌಗು ಹ್ಯೂಸ್ಟನ್ ಹಿಡಿಸಲಿಲ್ಲ. ಪಶ್ಚಿಮಕ್ಕೆ ಸಾಮ್ರಾಜ್ಯ ಬೆಳೆಸುವ ಕನಸು. ಕೊಲರಾಡೊ ನದಿಯ ದಡದಲ್ಲಿ ವಾಟರ್‌ಲೂ ಎಂಬ ಪುಟ್ಟ ಹಳ್ಳಿಯನ್ನು ಆರಿಸಿ, ಆಸ್ಟಿನ್ ಎಂದು ಹೆಸರಿಟ್ಟು, 1839ರ ಅಕ್ಟೋಬರ್‌ನಲ್ಲಿ ಎತ್ತಿನ ಗಾಡಿಗಳಲ್ಲಿ ಕಡತ ಹೇರಿಸಿ ರಾಜಧಾನಿಯನ್ನು ಸಾಗಿಸಿದರು. ಅದೇ ವರ್ಷ ಚೆರೊಕೀ ಜನರನ್ನು ಸೈನ್ಯ ಬಿಟ್ಟು ಪೂರ್ವ ಟೆಕ್ಸಾಸ್‌ನಿಂದ ಹೊರದಬ್ಬಿದರು. ಲಮಾರ್ ಸಮಾಧಿ ಇರುವುದೂ ನಮ್ಮ ರಿಚ್‌ಮಂಡ್‌ನಲ್ಲೇ.

ಇಲ್ಲಿಂದ ಮುಂದಿನದು ನಮ್ಮಂಥ ಲೆಕ್ಕದವರಿಗೆ ಬಾಯಲ್ಲಿ ನೀರೂರಿಸುವ ಕಥೆ. ಲಮಾರ್ ಸರ್ಕಾರ ಅಚ್ಚು ಹಾಕಿದ ನೋಟುಗಳು ಕೆಲವೇ ವರ್ಷದಲ್ಲಿ ಡಾಲರಿಗೆ ಕೆಲವು ಸೆಂಟುಗಳಿಗೆ ಇಳಿದವು. ಸಾಲ ಬೆಟ್ಟದಷ್ಟು. ಟೆಕ್ಸಾಸ್‌ನ ಆಯವ್ಯಯ ಪಟ್ಟಿಯಲ್ಲಿ ಆಸ್ತಿ ಎಂದು ಬರೆಯಲು ಇದ್ದದ್ದು ಒಂದೇ, ಜಮೀನು. ಸೈನಿಕರಿಗೆ ಸಂಬಳದ ಬದಲು ಜಮೀನು: ಮೂರು ತಿಂಗಳ ಸೇವೆಗೆ 320 ಎಕರೆ, ಸ್ಯಾನ್ ಜಸಿಂಟೊದಲ್ಲಿ ಕಾದಿದವರಿಗೆ ಇನ್ನೊಂದು 640 ಎಕರೆ. ಸ್ವಾತಂತ್ರ್ಯ ಘೋಷಣೆಯ ದಿನ ಇಲ್ಲಿದ್ದ ಅರ್ಹ ಕುಟುಂಬದ ಯಜಮಾನನಿಗೆ 4,605 ಎಕರೆ. ಅಪ್ಪ ನಿಂತಲ್ಲೇ ನಿಂತು, "ಎಷ್ಟು?" ಎಂದು ಮತ್ತೆ ಕೇಳಿದರು. ಅವರು ಜೀವಮಾನವಿಡೀ ಕುಂಟೆಯಲ್ಲಿ ಅಳೆದವರು.

ಈ ಎಲ್ಲ ಜಮೀನಿಗೆ ಪುರಾವೆ ಆಸ್ಟಿನ್‌ನ ಭೂ ಕಚೇರಿಯ ಕಾಗದಗಳು ಮಾತ್ರ. 1842ರ ಮಾರ್ಚ್‌ನಲ್ಲಿ ಮೆಕ್ಸಿಕೊ ಸೈನ್ಯ ಮತ್ತೆ ಬಂದು ಸ್ಯಾನ್ ಆಂಟೋನಿಯೊ ಹಿಡಿಯಿತು, ಬಿಟ್ಟು ಹೋಯಿತು. ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ. ಮತ್ತೆ ಅಧ್ಯಕ್ಷನಾಗಿದ್ದ ಸ್ಯಾಮ್ ಹ್ಯೂಸ್ಟನ್ ಸರ್ಕಾರವನ್ನು ಮೊದಲು ಹ್ಯೂಸ್ಟನ್‌ಗೆ, ಆಮೇಲೆ ವಾಷಿಂಗ್ಟನ್ ಆನ್ ದಿ ಬ್ರಾಜೋಸ್‌ಗೆ ಸಾಗಿಸಿದ. ಕಡತಗಳನ್ನೂ ಕಳಿಸಿ ಎಂದ. ಶತ್ರು ಬಂದು ಸುಟ್ಟರೆ ಇಡೀ ದೇಶದ ಹಕ್ಕುಪತ್ರಗಳೇ ಹೋದವು, ಅವನ ಮಾತಿನಲ್ಲಿ ಅರ್ಥವಿತ್ತು. ಆದರೆ ಆಸ್ಟಿನ್‌ನವರು ಒಪ್ಪಲಿಲ್ಲ. ಊರು ಆಗಲೇ ಬರಿದಾಗಿತ್ತು, ಉಳಿದವರು 200 ಮಂದಿಯೂ ಇಲ್ಲ. ಅಧ್ಯಕ್ಷ ಹೋದ, ಮಂತ್ರಿಗಳು ಹೋದರು. ಕಾಗದಗಳೂ ಹೋದರೆ ಯಾರೂ ಹಿಂದಿರುಗಿ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕಡತ ಮುಟ್ಟಿದರೆ ಬಂದೂಕು ಎಂದು ಎಚ್ಚರಿಕೆ ಕೊಟ್ಟರು.

ಡಿಸೆಂಬರ್ 30ರಂದು ಅಧ್ಯಕ್ಷನ ಆಜ್ಞೆಯಂತೆ ಇಪ್ಪತ್ತಕ್ಕೂ ಹೆಚ್ಚು ಜನ ಮೂರು ಗಾಡಿಗಳೊಂದಿಗೆ ಸದ್ದಿಲ್ಲದೆ ಊರೊಳಗೆ ಬಂದು ಕಾಗದ ಹೇರತೊಡಗಿದರು. ಅದನ್ನು ಕಂಡವಳು ಏಂಜೆಲಿನಾ ಏಬರ್ಲಿ, ಊಟ-ವಸತಿಯ ಖಾನಾವಳಿ ನಡೆಸುತ್ತಿದ್ದ ಹೆಂಗಸು. ಈಕೆಗೆ ಇದು ಹೊಸದಲ್ಲ. 1836ರಲ್ಲಿ ಸ್ಯಾನ್ ಫೆಲಿಪೆಯಲ್ಲಿ ಆಕೆಯ ಖಾನಾವಳಿ ಊರಿನೊಂದಿಗೆ ಸುಟ್ಟುಹೋಗಿತ್ತು, ಹಚ್ಚಿದವರು ಸ್ವಂತ ಸೈನ್ಯದವರೇ. ಒಂದು ಊರು ಹೋಗುವುದನ್ನು ಕಂಡವಳು ಇನ್ನೊಂದನ್ನು ಬಿಡಲು ಸಿದ್ಧಳಿರಲಿಲ್ಲ. ಬೀದಿಯಲ್ಲಿ ಇಟ್ಟಿದ್ದ ತೋಪಿಗೆ ಬೆಂಕಿ ಕೊಟ್ಟಳು. ಗುಂಡು ಭೂ ಕಚೇರಿಯ ಗೋಡೆಗೇ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ, ಊರೆಲ್ಲ ಎದ್ದಿತು. ಗಾಡಿಗಳು ಓಡಿದವು. ಈಗಿನ ರೌಂಡ್ ರಾಕ್ ಹತ್ತಿರದ ಕೆನ್ನಿ ಕೋಟೆಯ ಬಳಿ ರಾತ್ರಿ ತಂಗಿದ್ದಾಗ, ಆಸ್ಟಿನ್ ಜನ ಅದೇ ತೋಪನ್ನು ಎಳೆದುಕೊಂಡು ಬಂದು ಸುತ್ತುವರಿದರು. ಬೆಳಗಾಗುತ್ತಲೇ ಗಾಡಿಯವರು ಕಾಗದ ಒಪ್ಪಿಸಿದರು. ಹೊಸ ವರ್ಷಕ್ಕೆ ಕಡತಗಳು ಆಸ್ಟಿನ್‌ಗೆ ಮರಳಿದ್ದವು. ಇಲ್ಲಿನವರು ಇದನ್ನು ಕಡತಗಳ ಯುದ್ಧ ಎಂದೇ ಕರೆಯುತ್ತಾರೆ.

ಎರಡು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರ ಒಂದು ಕಡೆ, ಭೂದಾಖಲೆ ಇನ್ನೊಂದು ಕಡೆ. ಅಪ್ಪನಿಗೆ ಇದರಲ್ಲಿ ಒಗಟೇನೂ ಕಾಣಲಿಲ್ಲ. "ತಹಸೀಲ್ದಾರ್ರು ಒಂದೂರಲ್ಲಿ, ರೆಕಾರ್ಡ್ ರೂಮು ಒಂದೂರಲ್ಲಿ ಇದ್ರೆ ಜನ ಎಲ್ಲಿಗೆ ಹೋಗ್ತಾರೆ ಹೇಳು. ರೆಕಾರ್ಡ್ ರೂಮಿಗೇ ತಾನೆ?" ಹಾಗೆಯೇ ಆಯಿತು. 1845ರಲ್ಲಿ ಅಮೆರಿಕಕ್ಕೆ ಸೇರುವ ನಿರ್ಣಯ ಮಾಡಲು ಎಲ್ಲರೂ ಮತ್ತೆ ಆಸ್ಟಿನ್‌ನಲ್ಲೇ ಕೂಡಿದರು. ರಾಜಧಾನಿ ಅಲ್ಲೇ ಉಳಿಯಿತು.

ಏಂಜೆಲಿನಾಳ ಪ್ರತಿಮೆ ಆಸ್ಟಿನ್‌ನ ಕಾಂಗ್ರೆಸ್ ಅವೆನ್ಯೂದಲ್ಲಿದೆ, 2004ರಲ್ಲಿ ನಿಲ್ಲಿಸಿದ್ದು. ಮಾಡಿದವರು ವ್ಯಂಗ್ಯಚಿತ್ರಕಾರ ಪ್ಯಾಟ್ ಒಲಿಫಂಟ್. ತೋಪಿನ ಪಕ್ಕ ಬರಿಗಾಲಿನ ದಪ್ಪ ಹೆಂಗಸು, ಮುಖದಲ್ಲಿ ಸಿಟ್ಟು. ಅಮ್ಮ ಬಹಳ ಹೊತ್ತು ನಿಂತು ನೋಡಿದರು. ನಮ್ಮಿಂದ ಕಥೆಯನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಪ್ರತಿಮೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ನಾಸಾದಲ್ಲೂ ಬೇಡ ಎಂದಿದ್ದವರು.

ಪಟ್ಟಣದ ಕಾಗದ ಎಲ್ಲಿಗೆ ಹೋಯಿತು?

ಆಸ್ಟಿನ್‌ನಿಂದ ವಾಪಸ್ ಬರುವ ಮೂರು ಗಂಟೆ ಕಾರಿನಲ್ಲಿ ಮಾತೆಲ್ಲ ಊರಿನದೇ. ನಮ್ಮ ಕನ್ನಡನಾಡಿನಲ್ಲಿ ಓಡಿದ ರಾಜಧಾನಿಯೂ ಇದೆ, ನಿಂತ ರಾಜಧಾನಿಯೂ ಇದೆ. 1565ರ ಜನವರಿಯಲ್ಲಿ ತಾಳಿಕೋಟೆ ಕದನದಲ್ಲಿ ಅಳಿಯ ರಾಮರಾಯ ಸತ್ತ ಮೇಲೆ ತಮ್ಮ ತಿರುಮಲ ಹಂಪಿಯನ್ನು ಕಾಯಲು ನಿಲ್ಲಲಿಲ್ಲ. ಆನೆಗಳ ಮೇಲೆ ಖಜಾನೆ ಹೇರಿಸಿ, ಹೆಸರಿಗೆ ದೊರೆಯಾಗಿದ್ದ ಸದಾಶಿವರಾಯನನ್ನೂ ಕರೆದುಕೊಂಡು ಪೆನುಕೊಂಡೆಗೆ ಹೋದ. ಮುಂದೆ ಚಂದ್ರಗಿರಿ, ವೆಲ್ಲೂರು. ಹಂಪಿ ಹಾಳಾಯಿತು, ಆದರೆ ವಿಜಯನಗರದ ಹೆಸರು ಹೇಳಿಕೊಂಡು ಅರಸರು ಇನ್ನೂ ಹಲವು ದಶಕ ಆಳಿದರು.

ಶ್ರೀರಂಗಪಟ್ಟಣ ನಿಂತದ್ದು. 1792ರಲ್ಲಿ ಕಾರ್ನ್‌ವಾಲಿಸ್ ಮುತ್ತಿಗೆ ಹಾಕಿದಾಗ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಟ್ಟು ರಾಜಧಾನಿ ಉಳಿಸಿಕೊಂಡ. 1799ರ ಮೇ 4ರ ಮಧ್ಯಾಹ್ನ ಕೋಟೆ ಒಡೆಯಿತು. ದೊರೆ ಕೋಟೆಯೊಳಗೇ ಸತ್ತ. ಕಾಗದಗಳು ಎಲ್ಲಿಗೂ ಹೋಗಿರಲಿಲ್ಲ, ಅರಮನೆಯಲ್ಲೇ ಇದ್ದವು. ಫ್ರೆಂಚರ ಜೊತೆ ನಡೆಸಿದ ಪತ್ರವ್ಯವಹಾರವನ್ನು ಕಂಪನಿ ಸರ್ಕಾರ ಹೆಕ್ಕಿ ತೆಗೆದು ಅದೇ ವರ್ಷ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿತು, ಯುದ್ಧ ಸರಿಯಾಗಿತ್ತು ಎಂದು ತೋರಿಸಲು. ಗ್ರಂಥಭಂಡಾರ ಕಲ್ಕತ್ತೆ, ಲಂಡನ್ ಸೇರಿತು. ಟಿಪ್ಪು ತನ್ನ ಕನಸುಗಳನ್ನು ಬರೆದಿಟ್ಟ ಪುಸ್ತಕ ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗೆದ್ದವರು ಸೋತವರ ಕಥೆಯನ್ನು ಸೋತವರದೇ ಕಾಗದದಿಂದ ಬರೆದರು. ರಾಜಧಾನಿ ಮೈಸೂರಿಗೆ ಹೋಯಿತು. ಪಟ್ಟಣ ತಾಲ್ಲೂಕು ಕೇಂದ್ರವಾಗಿ ಉಳಿಯಿತು.

ಒಬ್ಬರು ಮಾತ್ರ ಎರಡೂ ಕಡೆ ಇದ್ದರು, ಪೂರ್ಣಯ್ಯ. ಹೈದರ್, ಟಿಪ್ಪು ಕಾಲದಲ್ಲಿ ಹಣಕಾಸು ನೋಡಿಕೊಂಡವರು, ಒಡೆಯರ ಪಟ್ಟವಾದ ಮೇಲೆ 1811ರವರೆಗೆ ದಿವಾನರು. ದೊರೆ ಬದಲಾದ, ರಾಜಧಾನಿ ಬದಲಾಯಿತು, ಲೆಕ್ಕ ಬಲ್ಲವರು ಬದಲಾಗಲಿಲ್ಲ. ಇದನ್ನು ಹೇಳುವಾಗ ಅಪ್ಪನ ದನಿಯಲ್ಲಿ ಇಲಾಖೆಯ ಹೆಮ್ಮೆ. ಅಮೆರಿಕದಲ್ಲೂ ಅಂಥವರೊಬ್ಬರಿದ್ದರು ಎಂದು ನಾವು ನಮ್ಮ ಕಡೆಯಿಂದ ಸೇರಿಸಿದೆವು. 1814ರ ಆಗಸ್ಟ್‌ನಲ್ಲಿ ಬ್ರಿಟಿಷರು ವಾಷಿಂಗ್ಟನ್ ಸುಡಲು ಬಂದಾಗ, ಸ್ಟೀಫನ್ ಪ್ಲೆಸಂಟನ್ ಎಂಬ ಗುಮಾಸ್ತ ಸ್ವಾತಂತ್ರ್ಯ ಘೋಷಣೆಯ ಮೂಲಪ್ರತಿಯನ್ನು ನಾರುಬಟ್ಟೆಯ ಚೀಲದಲ್ಲಿ ತುಂಬಿ ಗಾಡಿಯಲ್ಲಿ ಊರಾಚೆ ಸಾಗಿಸಿದರು. ಶ್ವೇತಭವನ ಸುಟ್ಟಿತು, ಕಾಗದ ಉಳಿಯಿತು. ಮುಂದೆ ಅವರು ಖಜಾನೆಯ ಆಡಿಟರ್ ಆದರು. "ಮತ್ತೆ? ಗುಮಾಸ್ತ ಇಲ್ದೆ ಯಾವ ರಾಜ್ಯ ನಡೀತದೆ" ಎಂದು ಅಪ್ಪ ಕಣ್ಣು ಮುಚ್ಚಿಕೊಂಡರು.

ಹಿಂದಿನ ಸೀಟಿನಿಂದ ಅಮ್ಮ ಆಗ ಹೇಳಿದರು. ಐದು ವಾರದಿಂದ ಹೇಳದೆ ಇಟ್ಟುಕೊಂಡಿದ್ದ ಮಾತು. "ಮನೆ ಕಾಗದ ಇಲ್ಲಿಗೆ ಬಂದುಬಿಟ್ರೆ, ಇವನು ಊರಿಗೆ ಯಾಕಪ್ಪಾ ಬರ್ತಾನೆ?"

ಅಪ್ಪ ಕಣ್ಣು ಬಿಡಲಿಲ್ಲ. ಹೆಂಡತಿ ನಮ್ಮ ಕಡೆ ನೋಡಿದಳು. ನಾವು ರಸ್ತೆ ನೋಡುತ್ತಿದ್ದೆವು. ಕೊಲಂಬಸ್ ಎಂಬ ಊರು ದಾಟುವವರೆಗೂ ಯಾರೂ ಮಾತಾಡಲಿಲ್ಲ. ಮಗಳು ಇಯರ್‌ಫೋನ್ ತೆಗೆದು, "ಏನಾಯ್ತು?" ಎಂದು ಕೇಳಿದಳು.

ಅವರು ಹೊರಡುವ ಹಿಂದಿನ ದಿನ ಕೆಂಪು ಗಂಟು ಬಿಚ್ಚಿದೆವು. ಅಪ್ಪ ಒಂದೊಂದೇ ಹಾಳೆಯನ್ನು ಬಿಡಿಸಿ ಕೊಟ್ಟರು, ನಾವು ಸ್ಕ್ಯಾನ್ ಮಾಡಿದೆವು. ವಿಭಾಗಪತ್ರದ ಮಡಿಕೆ ಹರಿಯುವ ಹಾಗಿತ್ತು, ಅದಕ್ಕೆ ಅವರೇ ಹಿಂದಿನಿಂದ ತೆಳು ಕಾಗದ ಅಂಟಿಸಿದರು. ನಲವತ್ತೊಂದು ಹಾಳೆ. ನಕಲುಗಳು ನೀಲಿ ಫೈಲಿಗೆ ಹೋದವು. ಅಸಲುಗಳನ್ನು ಅಮ್ಮ ಮತ್ತೆ ಬಟ್ಟೆಯಲ್ಲಿ ಕಟ್ಟಿ, ಸೂಟ್‌ಕೇಸ್‌ಗೆ ಹಾಕಲು ಕೊಡದೆ, ತಮ್ಮ ಕೈಚೀಲದಲ್ಲಿ ಇಟ್ಟುಕೊಂಡರು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಚೀಲವನ್ನು ಟ್ರೇಗೆ ಹಾಕಿ ಎಂದಾಗಲೂ ಟ್ರೇಯ ಮೇಲಿಂದ ಕೈ ತೆಗೆಯಲಿಲ್ಲ.

ಮುಂದಿನ ಏಪ್ರಿಲ್‌ಗೆ ನಾವು ಗಂಜಾಂಗೆ ಟಿಕೆಟ್ ಮಾಡಿಸಿದ್ದೇವೆ. ಖಾತೆ ಬದಲಾವಣೆಗೆ ಖುದ್ದು ಬಂದು ಸಹಿ ಹಾಕಬೇಕು ಎಂದು ಅಪ್ಪ ಹೇಳಿದ್ದಾರೆ. ಖುದ್ದು ಬರಲೇಬೇಕೆ ಎಂದು ಅಲ್ಲಿನ ಪರಿಚಿತ ವಕೀಲರೊಬ್ಬರನ್ನು ಕೇಳಬಹುದಿತ್ತು. ನಾವು ಕೇಳಲಿಲ್ಲ.